ಸಂಜೆ ನಾಲ್ಕರಿಂದ ಏಳು: ಪೀಣ್ಯದ ಮಕ್ಕಳು ಯಾರ ಪಾಲು?

ಗಣೇಶನ ಹಬ್ಬವೋ ಚುನಾವಣೆಯೋ ಹತ್ತಿರ ಬಂತೆಂದರೆ ಬೆಂಗಳೂರಿನ ಪೊಲೀಸರು ರೌಡಿ ಪರೇಡ್ ನಡೆಸುತ್ತಾರೆ. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ವಿಚಾರಿಸುತ್ತಾರೆ. ಹೆಸರೇನು, ಅಪ್ಪನ ಹೆಸರೇನು, ಎಷ್ಟು ಕೇಸಿದೆ, ಈಗೇನು ಕೆಲಸ, ಕೂದಲು ಯಾಕೆ ಹೀಗೆ ಬಿಟ್ಟಿದ್ದೀಯ? ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ದಿಟ್ಟಿಸಿ ನೋಡಿದರೆ ಆ ಸಾಲಿನಲ್ಲಿ ಈಗಷ್ಟೇ ಮೀಸೆ ಮೂಡಿದ ಮುಖಗಳೂ ಇರುತ್ತವೆ. ಒಂಬತ್ತು ವರ್ಷದವನಿದ್ದಾಗ ಸಂಜೆ ಹೊತ್ತು ಎಲ್ಲಿರುತ್ತಿದ್ದೆ, ಮನೆಯಲ್ಲಿ ಯಾರಿರುತ್ತಿದ್ದರು, ಯಾರ ಕೈಯಲ್ಲಿ ಏಟು ತಿನ್ನುತ್ತಿದ್ದೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಪರೇಡ್ ಮಾಡಿಸುವ ಇನ್‌ಸ್ಪೆಕ್ಟರ್ ಕೇಳಬೇಕಾದ ಪ್ರಶ್ನೆ ಅದಲ್ಲ. ಊರು ಕೇಳಬೇಕಿತ್ತು, ಹತ್ತು ವರ್ಷ ಮೊದಲೇ.

ಪೀಣ್ಯದ ಸುತ್ತ ಈ ಪ್ರಶ್ನೆಗೆ ತೂಕ ಹೆಚ್ಚು. 1970ರ ದಶಕದ ಕೊನೆಗೆ ತುಮಕೂರು ರಸ್ತೆಯ ಬದಿಯಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶ ಏಷ್ಯಾದಲ್ಲೇ ದೊಡ್ಡವುಗಳಲ್ಲೊಂದು ಎಂದು ಹೆಸರಾಯಿತು. ಲೇತ್, ಸಿಎನ್‌ಸಿ, ಪ್ರೆಸ್, ಪ್ಲೇಟಿಂಗ್, ಪೌಡರ್ ಕೋಟಿಂಗ್ ಎಂದು ಸಾವಿರಾರು ಸಣ್ಣ ಘಟಕಗಳು, ಅವುಗಳ ನಡುವೆ ಗಾರ್ಮೆಂಟ್ಸ್ ಫ್ಯಾಕ್ಟರಿಗಳು. ಇವುಗಳಿಗೆ ದುಡಿಯುವ ಜನ ರಾಜಗೋಪಾಲನಗರ, ಹೆಗ್ಗನಹಳ್ಳಿ, ಲಗ್ಗೆರೆ, ಸುಂಕದಕಟ್ಟೆ, ಚೊಕ್ಕಸಂದ್ರ, ದಾಸರಹಳ್ಳಿಗಳಲ್ಲಿ ಬಾಡಿಗೆಗಿದ್ದಾರೆ. ತುಮಕೂರು, ಮಂಡ್ಯ, ರಾಯಚೂರು, ಕಲಬುರಗಿ ಕಡೆಯಿಂದ ಬಂದವರು. ಈಚೆಗೆ ಬಿಹಾರ, ಒಡಿಶಾದವರೂ ಸೇರಿದ್ದಾರೆ. ಈ ಬಡಾವಣೆಗಳನ್ನು ರೌಡಿಗಳ ಅಡ್ಡೆ ಎಂದು ಬರೆದುಬಿಡುವುದು ಅಲ್ಲಿನ ಲಕ್ಷಾಂತರ ದುಡಿಯುವವರಿಗೆ ಮಾಡುವ ಅನ್ಯಾಯ. ನಾನು ಹೇಳಹೊರಟಿರುವುದು ಅಲ್ಲಿನ ಮಕ್ಕಳ ಸಂಜೆಯ ಬಗ್ಗೆ.

ಗಾರ್ಮೆಂಟ್ಸಿಗೆ ಹೋಗುವ ತಾಯಿಯೊಬ್ಬಳ ದಿನ ಐದಕ್ಕೂ ಮುಂಚೆ ಶುರುವಾಗುತ್ತದೆ. ನೀರು ಹಿಡಿಯಬೇಕು, ಎರಡು ಹೊತ್ತಿನ ಅಡುಗೆ ಒಟ್ಟಿಗೇ ಮುಗಿಸಬೇಕು, ಡಬ್ಬಿ ಕಟ್ಟಬೇಕು, ಒಂಬತ್ತರೊಳಗೆ ಮಷೀನಿನ ಮುಂದೆ ಕೂತಿರಬೇಕು. ಸಂಜೆ ಐದೂವರೆ ಆರಕ್ಕೆ ಬಿಡುತ್ತಾರೆ. ಟಾರ್ಗೆಟ್ ಮುಗಿಯದಿದ್ದರೆ ಅದೂ ಇಲ್ಲ. ದಾರಿಯಲ್ಲಿ ತರಕಾರಿ ಹಿಡಿದು, ಶೀಟಿನ ಮನೆಯ ಬಾಗಿಲಿಗೆ ಬರುವಾಗ ಏಳಾಗಿರುತ್ತದೆ. ಅಪ್ಪ ಪ್ರೆಸ್‌ನಲ್ಲೋ ಲೋಡಿಂಗ್‌ನಲ್ಲೋ ಇದ್ದರೆ ಶಿಫ್ಟ್ ಅದಕ್ಕಿಂತ ಉದ್ದ. ಸರ್ಕಾರಿ ಶಾಲೆಯ ಕೊನೆಯ ಗಂಟೆ ಬಾರಿಸುವುದು ನಾಲ್ಕೂಕಾಲರ ಆಸುಪಾಸಿಗೆ. ಊರಲ್ಲಾದರೆ ಅಜ್ಜಿ ಇರುತ್ತಿದ್ದಳು, ಚಿಕ್ಕಪ್ಪ ಇರುತ್ತಿದ್ದ. ಇಲ್ಲಿ ಪಕ್ಕದ ಮನೆಯ ಆಂಟಿಯೂ ಡ್ಯೂಟಿಗೆ ಹೋಗಿರುತ್ತಾಳೆ. ಹತ್ತಕ್ಕೆ ಹತ್ತರ ಕೋಣೆಯಲ್ಲಿ ಒಬ್ಬನೇ ಕೂರಲಾರದ ಹುಡುಗ ಬ್ಯಾಗೆಸೆದು ರಸ್ತೆಗಿಳಿಯುತ್ತಾನೆ.

1948ರ ಕಾರ್ಖಾನೆ ಕಾಯ್ದೆಯ 48ನೇ ಕಲಂ, ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆ ಇರಬೇಕು ಎನ್ನುತ್ತಿತ್ತು. ಆ ಕೋಣೆ ಎಷ್ಟು ಕಡೆ ಹೆಸರಿಗಷ್ಟೇ ಇದೆ ಎಂಬುದು ಬೇರೆ ಮಾತು. ಮಗುವಿಗೆ ಆರು ತುಂಬಿದ ಮೇಲಂತೂ ಆ ಕೋಣೆಯ ಮೇಲೆ ಅದಕ್ಕೆ ಯಾವ ಹಕ್ಕೂ ಇಲ್ಲ. ಆರರಿಂದ ಹದಿನಾರರವರೆಗಿನ ಹತ್ತು ವರ್ಷದ ಸಂಜೆಗಳನ್ನು ಕಾರ್ಖಾನೆಯೂ ನೋಡಿಕೊಳ್ಳುವುದಿಲ್ಲ, ಶಾಲೆಯೂ ನೋಡಿಕೊಳ್ಳುವುದಿಲ್ಲ, ಪಾಲಿಕೆಯೂ ನೋಡಿಕೊಳ್ಳುವುದಿಲ್ಲ.

ಈ ತಾಯಂದಿರಿಗೆ ಮಕ್ಕಳ ಮೇಲೆ ನಿಗಾ ಇಲ್ಲ ಎನ್ನುವವರು 2016ರ ಏಪ್ರಿಲ್ 18 ಮತ್ತು 19ನ್ನು ನೆನಪಿಸಿಕೊಳ್ಳಬೇಕು. ಪಿಎಫ್ ಹಣವನ್ನು ಪೂರ್ತಿಯಾಗಿ ನಡುವೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ ಯಾವ ನಾಯಕರೂ ಕರೆಯದೆ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗಿಳಿದರು. ಎರಡನೇ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ ಸ್ತಬ್ಧವಾದವು. ಆ ಸಂಜೆಯೇ ನಿಯಮ ವಾಪಸಾಯಿತು. ಅವರು ಅಷ್ಟು ಸಿಟ್ಟಿಗೆದ್ದದ್ದು ಯಾತಕ್ಕೆ? ಸ್ಕೂಲ್ ಫೀಸು, ಮಗಳ ಮದುವೆ, ಮನೆಯ ಅಡ್ವಾನ್ಸ್, ಆಸ್ಪತ್ರೆ ಎಲ್ಲಕ್ಕೂ ಅವರಿಗಿರುವುದು ಆ ಪಿಎಫ್ ಒಂದೇ. ಮಕ್ಕಳಿಗಾಗಿ ಬೀದಿಗಿಳಿದ ಅದೇ ಹೆಂಗಸರ ಮಕ್ಕಳು ದಿನಕ್ಕೆ ಮೂರು ಗಂಟೆ ಯಾರೂ ಇಲ್ಲದೆ ಬೆಳೆಯುತ್ತವೆ. ಸಮಾಜಕಾರ್ಯದವರ ಕಡತದಲ್ಲಿ ಇದೂ ‘ನಿರ್ಲಕ್ಷ್ಯ’ ಎಂದೇ ದಾಖಲಾಗಬಹುದು. ಆದರೆ ಈ ನಿರ್ಲಕ್ಷ್ಯದಲ್ಲಿ ಶಿಫ್ಟ್ ವೇಳಾಪಟ್ಟಿಗೂ ಪಾಲಿದೆ.

ಹಾಗೆಂದು ಎಲ್ಲವನ್ನೂ ಶಿಫ್ಟಿನ ಮೇಲೆ ಹೊರಿಸಲು ನಾನು ತಯಾರಿಲ್ಲ. ಮನೆಯೊಳಗೇ ನಡೆಯುವ ಹಿಂಸೆಯ ಬಗ್ಗೆ ನಾವು ಬಾಯಿ ಬಿಡುವುದು ತೀರಾ ಕಡಿಮೆ. ಬೆಲ್ಟು, ಪೊರಕೆ, ಬಿಸಿ ಸಟ್ಟುಗ, ಕುಡಿದು ಬಂದ ರಾತ್ರಿ ಅಮ್ಮನಿಗೆ ಬಿದ್ದ ಏಟು, ತಡೆಯಹೋದ ಮಗನಿಗೆ ಬಿದ್ದ ಎರಡು ಏಟು. ‘ಹೊಡೆಯದೆ ಬೆಳೆಸಿದರೆ ಕೆಟ್ಟು ಹೋಗ್ತಾನೆ’ ಎಂದು ಅಪ್ಪನೂ ಹೇಳುತ್ತಾನೆ, ಮೇಷ್ಟರೂ ಹೇಳುತ್ತಾರೆ, ಠಾಣೆಯ ಪೇದೆಯೂ ಹೇಳುತ್ತಾನೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯಲ್ಲಿ ಹಿಂಸೆ ಉಂಡವರಲ್ಲಿ 88.6 ಶೇಕಡಾ ಮಕ್ಕಳಿಗೆ ಹೊಡೆದವರು ಹೆತ್ತವರೇ. ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿಕೊಂಡ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಹುಡುಗರು. ಈ ಕೊನೆಯ ಸಂಗತಿಯನ್ನು ನಾವು ಇವತ್ತಿಗೂ ಜೀರ್ಣಿಸಿಕೊಂಡಿಲ್ಲ. 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂಬ ಭೇದ ಮಾಡುವುದಿಲ್ಲ; ನಮ್ಮ ಬೀದಿ ಮಾಡುತ್ತದೆ. ಹನ್ನೊಂದರ ಹುಡುಗನ ಮೇಲೆ ದೊಡ್ಡವನೊಬ್ಬ ಕೈ ಮಾಡಿದರೆ ಆ ಹುಡುಗನಿಗೆ ಅದನ್ನು ಹೇಳಿಕೊಳ್ಳಲು ಮಾತೂ ಇಲ್ಲ, ಮನುಷ್ಯರೂ ಇಲ್ಲ. ನಾಚಿಕೆಯನ್ನು ನುಂಗಿಕೊಂಡು, ಇನ್ನು ಮುಂದೆ ಯಾರೂ ತನ್ನನ್ನು ಮುಟ್ಟದಂತೆ ಗಟ್ಟಿಯಾಗಬೇಕು ಎಂದುಕೊಳ್ಳುತ್ತಾನೆ. ಗಟ್ಟಿಯಾಗುವುದನ್ನು ಕಲಿಸುವವರು ಆ ರಸ್ತೆಯಲ್ಲೇ ಇರುತ್ತಾರೆ.

ಬಾಲ್ಯದ ಏಟಿಗೂ ಮುಂದಿನ ಅಪರಾಧಕ್ಕೂ ನಂಟಿದೆಯೇ ಎಂಬುದನ್ನು ಅಮೆರಿಕದ ಕ್ಯಾಥಿ ಸ್ಪಾಟ್ಜ್ ವಿಡಮ್ ಎಂಬ ಸಂಶೋಧಕಿ ಪಟ್ಟುಹಿಡಿದು ಹುಡುಕಿದರು. 1967ರಿಂದ 1971ರವರೆಗೆ ನ್ಯಾಯಾಲಯದ ದಾಖಲೆಯಲ್ಲಿ ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ತುತ್ತಾದವರೆಂದು ಖಚಿತವಾಗಿದ್ದ 908 ಮಕ್ಕಳನ್ನು ಆರಿಸಿ, ಅದೇ ವಯಸ್ಸು, ಅದೇ ಬಗೆಯ ನೆರೆಹೊರೆಯ 667 ಮಕ್ಕಳ ಜೊತೆಗಿಟ್ಟು, ಎರಡೂ ಗುಂಪಿನವರ ಬದುಕನ್ನು ಹಿಂಬಾಲಿಸಿದರು. 1989ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅವರ ಲೇಖನದ ಪ್ರಕಾರ, ಹಿಂಸೆ-ನಿರ್ಲಕ್ಷ್ಯ ಕಂಡ ಮಕ್ಕಳಲ್ಲಿ 26 ಶೇಕಡಾ ಜನ ಹದಿಹರೆಯದಲ್ಲೇ ಬಂಧನಕ್ಕೊಳಗಾಗಿದ್ದರು, ಉಳಿದವರಲ್ಲಿ 17 ಶೇಕಡಾ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಲೆಕ್ಕ. ಹಿಂಸಾತ್ಮಕ ಅಪರಾಧಕ್ಕೆ ಬಂಧಿತರಾದವರು ಹೊಡೆತ ತಿಂದ ಮಕ್ಕಳಲ್ಲಿ 15.8 ಶೇಕಡಾ ಇದ್ದರೆ, ಒಂದೇಟೂ ತಿನ್ನದೆ ಬರೀ ನಿರ್ಲಕ್ಷ್ಯಕ್ಕೆ ಒಳಗಾದ ಮಕ್ಕಳಲ್ಲೂ 12.5 ಶೇಕಡಾ ಇದ್ದರು. ಎರಡೂ ಇಲ್ಲದವರಲ್ಲಿ ಅದು 7.9. ಮಗುವನ್ನು ಯಾರೂ ನೋಡದೆ ಬಿಟ್ಟುಬಿಡುವುದೂ ಹೆಚ್ಚುಕಡಿಮೆ ಹೊಡೆತದಷ್ಟೇ ಅಪರಾಧದ ಹತ್ತಿರ ಒಯ್ಯುತ್ತದೆ.

ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಹಿಂಸೆ ಉಂಡ ಮಕ್ಕಳಲ್ಲಿ 74 ಶೇಕಡಾ ಜನ ಹದಿಹರೆಯದಲ್ಲಿ ಪೊಲೀಸರ ಕೈಗೆ ಸಿಗಲೇ ಇಲ್ಲ. ಏಟು ತಿಂದು ಬೆಳೆದವನು ಲಾಂಗ್ ಹಿಡಿದೇ ಹಿಡಿಯುತ್ತಾನೆ ಎಂದರೆ ಅದು ಸುಳ್ಳು, ಪೀಣ್ಯದ ಸಾವಿರಾರು ಹುಡುಗರಿಗೆ ಮಾಡುವ ಅವಮಾನ ಕೂಡ. ಬಾಲ್ಯದ ಗಾಯ ಅಪಾಯವನ್ನು ಹೆಚ್ಚಿಸುತ್ತದೆ ಅಷ್ಟೆ. ಮುಂದೆ ಯಾರು ಸಿಗುತ್ತಾರೆ ಎಂಬುದರ ಮೇಲೆ ಮಿಕ್ಕದ್ದು.

ಅಪಾಯ ಹೆಚ್ಚಾಗುವುದು ಹೇಗೆ? ಕೆನೆತ್ ಡಾಜ್ ಮತ್ತು ಜೊತೆಗಾರರು 1990ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ದಾರಿ ತೋರಿಸಿತು. ಎಳವೆಯಲ್ಲೇ ಹೊಡೆತ ತಿಂದ ಮಕ್ಕಳು ಎದುರಿನವರ ನಡವಳಿಕೆಯಲ್ಲಿ ಹಗೆತನವನ್ನೇ ಕಾಣುತ್ತಾರೆ. ಯಾರೋ ಅಕಸ್ಮಾತ್ ತಾಗಿಸಿದರೂ ಬೇಕಂತಲೇ ಗುದ್ದಿದ ಎನ್ನಿಸುತ್ತದೆ, ಮೊದಲು ತಾನೇ ಹೊಡೆದುಬಿಡಬೇಕು ಎನ್ನಿಸುತ್ತದೆ. ಅಪ್ಪನ ಚಪ್ಪಲಿ ಸದ್ದಿನಲ್ಲೇ ಇವತ್ತು ಎಷ್ಟು ಕುಡಿದಿದ್ದಾನೆ ಎಂದು ಅಳೆಯಲು ಕಲಿತ ಮಗುವಿಗೆ ಈ ಎಚ್ಚರ ಪ್ರಾಣ ಉಳಿಸುವ ವಿದ್ಯೆ. ಹೊರಗೆ ಅದೇ ವಿದ್ಯೆ ಪ್ರಾಣ ತೆಗೆಯುತ್ತದೆ. ಬೆಂಗಳೂರಿನ ಅಪರಾಧ ಸುದ್ದಿ ಓದುವವರಿಗೆ ‘ಗುರಾಯಿಸಿದ್ದಕ್ಕೆ ಕೊಲೆ’ ಎಂಬ ತಲೆಬರಹ ಹೊಸದಲ್ಲ. ಬಾರ್ ಮುಂದೆ, ಟೀ ಅಂಗಡಿ ಮುಂದೆ, ಗಣೇಶನ ಪೆಂಡಾಲಿನಲ್ಲಿ ‘ಏನೋ ಗುರಾಯಿಸ್ತೀಯಾ’ ಎಂದು ಶುರುವಾದದ್ದು ಮಚ್ಚಿನ ಏಟಿನಲ್ಲಿ ಮುಗಿಯುತ್ತದೆ. ಓದುಗರು ಇಷ್ಟು ಸಣ್ಣ ಕಾರಣಕ್ಕೆ ಕೊಲೆಯೇ ಎಂದು ಪುಟ ತಿರುವುತ್ತಾರೆ. ಕೊಂದ ಹುಡುಗನ ಮನಸ್ಸಿನಲ್ಲಿ ಆ ನೋಟ ಸಣ್ಣದಾಗಿರಲಿಕ್ಕಿಲ್ಲ. ಇದು ಕೊಲೆಗೆ ಸಮರ್ಥನೆಯಲ್ಲ; ಸತ್ತವನಿಗೂ ತಾಯಿ ಇದ್ದಾಳೆ. ಮುಂದಿನ ಕೊಲೆಯನ್ನು ತಡೆಯಬೇಕಾದರೆ ಈ ನೋಟ ಹುಟ್ಟಿದ ಜಾಗ ನಮಗೆ ಗೊತ್ತಿರಬೇಕು.

ಇನ್ನು ಗ್ಯಾಂಗ್. ಫ್ರೆಡರಿಕ್ ಥ್ರಾಶರ್ ಎಂಬ ಸಮಾಜಶಾಸ್ತ್ರಜ್ಞ ಷಿಕಾಗೊದ 1,313 ಗ್ಯಾಂಗುಗಳನ್ನು ಅಧ್ಯಯನ ಮಾಡಿ 1927ರಲ್ಲಿ ಪುಸ್ತಕ ಬರೆದ. ಗ್ಯಾಂಗುಗಳು ಹುಟ್ಟಿದ್ದು ಕಾರ್ಖಾನೆ, ರೈಲು ಹಳಿ, ಗೋದಾಮುಗಳಿಗೂ ಗಟ್ಟಿ ನೆಲೆಯ ಬಡಾವಣೆಗಳಿಗೂ ನಡುವಿನ ಪಟ್ಟಿಯಲ್ಲಿ, ಹೊಸದಾಗಿ ವಲಸೆ ಬಂದವರ ಮಕ್ಕಳ ನಡುವೆ. ಮನೆ, ಶಾಲೆ, ಪ್ರಾರ್ಥನಾ ಮಂದಿರ ತಮ್ಮ ಕೆಲಸ ಮಾಡಲಾಗದೆ ಬಿಟ್ಟ ಜಾಗವನ್ನು ಗ್ಯಾಂಗ್ ತುಂಬುತ್ತದೆ ಎಂದ. ಪೀಣ್ಯದ ನಕಾಶೆ ನೋಡಿದವರಿಗೆ ಈ ವಿವರಣೆ ದೂರದ್ದು ಅನ್ನಿಸುವುದಿಲ್ಲ.

ನಮ್ಮಲ್ಲಿ ಗ್ಯಾಂಗಿಗೆ ಅರ್ಜಿ ಇಲ್ಲ, ದೀಕ್ಷೆ ಇಲ್ಲ. ಸಂಜೆ ಐದಕ್ಕೆ ಖಾಲಿ ಸೈಟಿನಲ್ಲೋ ಬೇಕರಿ ಮುಂದೆಯೋ ಬೈಕ್ ಮೇಲೆ ಕೂತ ನಾಲ್ವರು, ದೂರದಲ್ಲಿ ನಿಂತು ನೋಡುವ ಒಬ್ಬ ಚಿಕ್ಕ ಹುಡುಗ. ‘ಬಾರೋ ಮಗಾ, ಊಟ ಆಯ್ತಾ?’ ಆ ಹುಡುಗನನ್ನು ಆ ದಿನ ಬೇರೆ ಯಾರೂ ಹಾಗೆ ಕೇಳಿರುವುದಿಲ್ಲ. ಎಗ್ ಪಫ್ಸ್ ಕೊಡಿಸುತ್ತಾರೆ. ಸಿಗರೇಟ್ ತರಲು ಕಳಿಸುತ್ತಾರೆ, ಉಳಿದ ಚಿಲ್ಲರೆ ನೀನೇ ಇಟ್ಟುಕೋ ಎನ್ನುತ್ತಾರೆ. ಶಾಲೆಯಲ್ಲಿ ಕಾಟ ಕೊಡುವವನಿಗೆ ಒಂದು ಮಾತು ಹೇಳುತ್ತಾರೆ, ಮರುದಿನದಿಂದ ಕಾಟ ನಿಲ್ಲುತ್ತದೆ. ಜೀವನದಲ್ಲಿ ಮೊದಲ ಸಲ ಯಾರೋ ಅವನ ಪರವಾಗಿ ನಿಂತದ್ದು. ಆಮೇಲೆ ಪೊಲೀಸ್ ಬಂದರೆ ಹೇಳು ಎಂದು ಮೂಲೆಯಲ್ಲಿ ನಿಲ್ಲಿಸುತ್ತಾರೆ, ಗಾಂಜಾ ಪೊಟ್ಟಣ ಒಯ್ದು ಕೊಡಲು ಹೇಳುತ್ತಾರೆ, ಬಟ್ಟೆಯಲ್ಲಿ ಸುತ್ತಿದ ಲಾಂಗನ್ನು ನಿಮ್ಮ ಮನೆ ಅಟ್ಟದಲ್ಲಿ ಎರಡು ದಿನ ಇಟ್ಟುಕೋ ಎನ್ನುತ್ತಾರೆ. ‘ಅಣ್ಣ’ನ ಬರ್ತ್‌ಡೇಗೆ ಲಾಂಗಿನಲ್ಲಿ ಕೇಕ್ ಕತ್ತರಿಸಿದ ರೀಲ್ಸ್‌ನಲ್ಲಿ ಹಿಂದಿನ ಸಾಲಿನಲ್ಲಿ ನಗುತ್ತಾ ಇವನೂ ಇರುತ್ತಾನೆ. ಒಂದು ದಿನ ಮೊಬೈಲ್ ಕಿತ್ತುಕೊಂಡು ಬಾ ಎನ್ನುತ್ತಾರೆ, ಮುಂದೊಂದು ದಿನ ಅವನಿಗೆ ಎರಡು ಹಾಕು ಎನ್ನುತ್ತಾರೆ. ‘ನಿಂಗೆ ಹದಿನೆಂಟಾಗಿಲ್ಲ, ಏನೂ ಆಗಲ್ಲ.’

ಏನೂ ಆಗಲ್ಲ ಎಂಬುದು ಹಸಿ ಸುಳ್ಳು. 2016ರ ಜನವರಿಯಲ್ಲಿ ಜಾರಿಗೆ ಬಂದ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನಾರು ದಾಟಿದವನು ಘೋರ ಅಪರಾಧ ಮಾಡಿದರೆ, ಮಂಡಳಿಯ ಪ್ರಾಥಮಿಕ ಪರಿಶೀಲನೆಯ ನಂತರ ಅವನನ್ನು ದೊಡ್ಡವರಂತೆಯೇ ವಿಚಾರಣೆಗೆ ಒಳಪಡಿಸಬಹುದು. ಕಳಿಸಿದ ಅಣ್ಣ ಹೊರಗಿರುತ್ತಾನೆ, ಹುಡುಗ ಮಡಿವಾಳದ ವೀಕ್ಷಣಾಲಯದಲ್ಲಿರುತ್ತಾನೆ. ವಕೀಲರ ಖರ್ಚು ಅಣ್ಣ ಕೊಟ್ಟರೆ ಆ ಸಾಲ ತೀರಿಸಲು ಹುಡುಗ ಮತ್ತೆ ಅವನ ಬಳಿಗೇ ಹೋಗಬೇಕು.

ಇದೇ ಕಾಯ್ದೆಯಲ್ಲಿ ನಾವು ಹೆಚ್ಚು ಮಾತನಾಡದ ಒಂದು ಕಲಂ ಇದೆ, 83(2). ವಯಸ್ಕನೊಬ್ಬ ಅಥವಾ ವಯಸ್ಕರ ಗುಂಪು ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿದರೆ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯ 95ನೇ ಕಲಂ ಇನ್ನೂ ಬಿಗಿ: ಅಪರಾಧ ಮಾಡಿಸಲು ಮಗುವನ್ನು ನೇಮಿಸಿಕೊಂಡವನಿಗೆ ಕನಿಷ್ಠ ಮೂರು, ಗರಿಷ್ಠ ಹತ್ತು ವರ್ಷ, ಆ ಅಪರಾಧ ನಡೆದೇಬಿಟ್ಟರೆ ಅದನ್ನು ಅವನೇ ಮಾಡಿದಂತೆ ಶಿಕ್ಷೆ. ಹುಡುಗನೊಬ್ಬ ಸಿಕ್ಕಿಬಿದ್ದಾಗ ಎಫ್‌ಐಆರ್‌ನಲ್ಲಿ ಈ ಕಲಂ ಹಾಕಿದ್ದೀರಾ, ಕಳಿಸಿದವನು ಯಾರು ಎಂದು ಹುಡುಕಿದ್ದೀರಾ ಎಂದು ಪತ್ರಕರ್ತರೂ ಶಾಸಕರೂ ಪ್ರತಿ ಪ್ರಕರಣದಲ್ಲಿ ಕೇಳಬೇಕು. ಬಾಲನ್ಯಾಯ ಕಾಯ್ದೆಯ 8ನೇ ಕಲಂ ಬಾಲನ್ಯಾಯ ಮಂಡಳಿಗೆ ಮತ್ತೊಂದು ಅಧಿಕಾರ ಕೊಟ್ಟಿದೆ. ಅಪರಾಧ ಮಾಡಿದ ಮಗು ಅದೇ ಹೊತ್ತಿಗೆ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವೂ ಆಗಿರಬಹುದು ಎಂದು ಒಪ್ಪಿ, ಅವನ ವಿಷಯವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕಳಿಸಬಹುದು. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಡಾ. ಶೇಖರ್ ಶೇಷಾದ್ರಿ ಮತ್ತು ಸಂಗಡಿಗರು ವೀಕ್ಷಣಾಲಯದ ಹುಡುಗರೊಡನೆ ಮಾಡಿದ ಕೆಲಸದ ತಿರುಳೂ ಇದೇ: ಮಾಡಿದ ತಪ್ಪನ್ನು ಅವನ ಮನೆ, ಶಾಲೆ, ಗೆಳೆತನ, ವ್ಯಸನ, ಉಂಡ ನೋವುಗಳಿಂದ ಕಿತ್ತು ಬೇರೆಯಾಗಿ ನೋಡಬಾರದು.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಟೆರೆನ್ಸ್ ಥಾರ್ನ್‌ಬೆರಿ ಮತ್ತು ಸಹೋದ್ಯೋಗಿಗಳು ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡದ್ದು ಇಲ್ಲಿ ನೆನಪಿಸುವಂಥದ್ದು. ಗ್ಯಾಂಗಿನಲ್ಲಿದ್ದಾಗ ಹುಡುಗರ ಅಪರಾಧ ಏರುತ್ತದೆ, ಬಿಟ್ಟ ಮೇಲೆ ಇಳಿಯುತ್ತದೆ. ಹೆಚ್ಚಿನವರು ಒಂದೆರಡು ವರ್ಷಕ್ಕಿಂತ ಹೆಚ್ಚು ಉಳಿಯುವುದೂ ಇಲ್ಲ. ಅಂದರೆ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ. ನಮ್ಮ ಬಾಲನ್ಯಾಯ ಕಾಯ್ದೆಯೂ ಹೊಸದಾಗಿ ಬದುಕು ಶುರುಮಾಡುವ ಹಕ್ಕನ್ನು ತತ್ವವಾಗಿ ಒಪ್ಪಿ, ಹಳೆಯ ದಾಖಲೆ ಅಳಿಸಬೇಕು ಎನ್ನುತ್ತದೆ. ಆದರೆ ಹದಿನೆಂಟು ತುಂಬಿದ ಮೇಲೆ ಒಂದು ಜಗಳಕ್ಕೆ ಸಿಕ್ಕವನ ಮೇಲೆ ರೌಡಿ ಶೀಟ್ ತೆರೆದರೆ ಕೆಲಸ ಕೊಡುವವರಿಲ್ಲ, ಮನೆ ಬಾಡಿಗೆಗೆ ಕೊಡುವವರಿಲ್ಲ. ಅವನನ್ನು ಸೇರಿಸಿಕೊಳ್ಳಲು ಉಳಿಯುವವರು ಹಳೆಯ ಗೆಳೆಯರೇ. ನಿಜವಾದ ಅಪಾಯಕಾರಿಗಳ ಮೇಲೆ ಪೊಲೀಸರು ಕಣ್ಣಿಡಲಿ. ಇಪ್ಪತ್ತರೊಳಗಿನ ಹುಡುಗನ ಶೀಟನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಿ ಮುಚ್ಚುವ ಮನಸ್ಸೂ ಮಾಡಲಿ.

ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಜಗಳದ ಮನೆಗಳ ಮಕ್ಕಳಲ್ಲೂ ಮೂರರಲ್ಲೊಂದು ಪಾಲು ಚೆನ್ನಾಗಿಯೇ ಬೆಳೆದರು. ಅವರ ಬದುಕಿನಲ್ಲಿ ಸಾಮಾನ್ಯವಾಗಿ ಕಂಡದ್ದು ಕೈಬಿಡದ ಒಬ್ಬ ಹಿರಿಯ ಜೀವ: ಅಜ್ಜಿ, ಮೇಷ್ಟರು, ನೆರೆಯಾಕೆ. ನಮ್ಮೂರಲ್ಲೂ ಈ ಕೆಲಸ ಮಾಡುವವರಿದ್ದಾರೆ. 1980ರಲ್ಲಿ ಶುರುವಾದ ಬಾಸ್ಕೊ, 1981ರ ಆಪ್ಸಾ ಸಂಸ್ಥೆಗಳು ಬೆಂಗಳೂರಿನ ಬೀದಿಮಕ್ಕಳ ನಡುವೆ ನಾಲ್ಕು ದಶಕದಿಂದ ದುಡಿಯುತ್ತಿವೆ. ಆದರೆ ಒಂದೆರಡು ಸಂಸ್ಥೆಗಳ ಬೆನ್ನಿಗೆ ಇಡೀ ಕೈಗಾರಿಕಾ ಪ್ರದೇಶವನ್ನು ಹೇರಲಾಗದು.

ಪೀಣ್ಯದಲ್ಲಿ ಆಗಬೇಕಾದದ್ದು ಕಷ್ಟದ್ದೇನಲ್ಲ. ನಾಲ್ಕೂಕಾಲಕ್ಕೆ ಬೀಗ ಹಾಕುವ ಸರ್ಕಾರಿ ಶಾಲೆಗಳು ಏಳೂವರೆವರೆಗೆ ತೆರೆದಿರಲಿ. ಒಂದು ಲೋಟ ಹಾಲು, ಚೆಂಡು, ಪುಸ್ತಕ, ಹೆಸರು ಹಿಡಿದು ಕರೆಯುವ ಒಬ್ಬ ಸಂಬಳದ ಹಿರಿಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ 2020ರಲ್ಲಿ ‘ಓದುವ ಬೆಳಕು’ ಎಂದು ಮಕ್ಕಳನ್ನು ಉಚಿತವಾಗಿ ಸೇರಿಸಿಕೊಂಡ ಸರ್ಕಾರಕ್ಕೆ ನಗರದ ವಾರ್ಡುಗಳಲ್ಲಿ ಅದನ್ನು ಮಾಡಲು ಅಡ್ಡಿ ಏನಿದೆ? ಖರ್ಚಿನ ಒಂದು ಪಾಲನ್ನು ಕಾರ್ಖಾನೆಗಳು ಕೊಡಲಿ. ಆ ಮೂರು ಗಂಟೆ ತಾಯಂದಿರು ಹೊಲಿಯುತ್ತಿರುವುದು ಅವರ ಬಟ್ಟೆಯನ್ನೇ. ತಂದೆಯಿಲ್ಲದ, ಇಲ್ಲವೇ ತಾಯಿಯೊಬ್ಬಳೇ ಸಾಕುವ ಬಡ ಮಕ್ಕಳಿಗೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವಿದೆ. ಹೆಗ್ಗನಹಳ್ಳಿಯ ವಠಾರದಲ್ಲಿ ಅದನ್ನು ಬಲ್ಲವರು ಎಷ್ಟು ಜನ? ಪೀಣ್ಯದಲ್ಲೇ ಎನ್‌ಟಿಟಿಎಫ್‌ನಂಥ ತರಬೇತಿ ಸಂಸ್ಥೆ ಇದೆ, ಕೈಯಲ್ಲಿ ಕೆಲಸ ಬಲ್ಲ ಹುಡುಗರು ಬೇಕೆಂದು ಬೋರ್ಡ್ ಹಾಕುವ ಮಾಲೀಕರಿದ್ದಾರೆ. ಲಾಸ್ ಏಂಜಲಿಸ್‌ನಲ್ಲಿ ಪಾದ್ರಿ ಗ್ರೆಗ್ ಬಾಯ್ಲ್ 1988ರಲ್ಲಿ ಶುರುಮಾಡಿದ ಕೆಲಸ ಮುಂದೆ ಗ್ಯಾಂಗ್ ಬಿಟ್ಟವರಿಗೆ ಬೇಕರಿಯಲ್ಲಿ ಉದ್ಯೋಗ ಕೊಡುವಷ್ಟು ಬೆಳೆಯಿತು. ವೀಕ್ಷಣಾಲಯದಿಂದ ಹೊರಬಂದ ಹುಡುಗನಿಗೆ ಲೇತ್ ಮುಂದೆ ಒಂದು ಜಾಗ ಕೊಡಲು ಪೀಣ್ಯದ ಹತ್ತು ಮಾಲೀಕರು ಮುಂದೆ ಬಂದರೂ ಅದು ಶುರು.

ಓದುಗರಲ್ಲಿ ನನ್ನದೊಂದು ಕೋರಿಕೆ. ಪಕ್ಕದ ಮನೆಯ ಮಗು ದಿನಾ ಏಟು ತಿನ್ನುವುದು ಕೇಳಿಸಿದರೆ, ಹತ್ತರ ಹುಡುಗ ರಾತ್ರಿ ಒಂಬತ್ತಾದರೂ ರಸ್ತೆಯಲ್ಲೇ ಇರುವುದು ಕಂಡರೆ, ಬೈಕ್ ಮೇಲಿನ ದೊಡ್ಡವರು ಅವನ ಕೈಗೆ ಪೊಟ್ಟಣ ಕೊಡುವುದು ಕಣ್ಣಿಗೆ ಬಿದ್ದರೆ, ಅದು ಅವರ ಮನೆ ವಿಷಯ ಎಂದು ಬಾಗಿಲು ಹಾಕಿಕೊಳ್ಳಬೇಡಿ. ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಲೇಬೇಕೆಂದು ಕಾಯ್ದೆ ಹೇಳುತ್ತದೆ, ಅವರನ್ನೇ ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕರೆಗೆ ಕಾಸಿಲ್ಲ, ರಾತ್ರಿಯೂ ಎತ್ತುತ್ತಾರೆ.